ಅಜ್ಜಿ ಎಲ್ಲಿರಬೇಕು ಅಂತ ಅಜ್ಜೀನ ಕೇಳಿದ್ರಾ?

1/9

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಒಂದು ಕ್ಯಾಪ್ಷನ್ನಿಗೆ ಹಿಡಿಯಲ್ಲ, ಅದಕ್ಕೇ ಒಂಬತ್ತು ಪೋಸ್ಟ್. ಸೇವ್ ಮಾಡಿಟ್ಕೊಂಡು ಊರಿಗೆ ಹೋಗೋ ಬಸ್ಸಲ್ಲಿ ಓದಿ.

ಹೋದ ವಾರ ನಮ್ಮ ಕಾಲೇಜಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ: ವೃದ್ಧಾಶ್ರಮಗಳು ಬೇಕೇ, ಬೇಡವೇ? ಈ ವಿಷಯ ನಮ್ಮನ್ನ ಹೈಸ್ಕೂಲಿಂದ ಅಟ್ಟಿಸ್ಕೊಂಡು ಬರ್ತಿದೆ. ಪ್ರತಿ ಸಲ ಗೆಲ್ಲೋದು "ಬೇಡ" ಅನ್ನೋರೇ. ಮೊದಲು ಶ್ರವಣಕುಮಾರ ಬರ್ತಾನೆ, ಆಮೇಲೆ ಮಾತೃದೇವೋಭವ, ಆಮೇಲೆ ಪಾಶ್ಚಾತ್ಯ ಸಂಸ್ಕೃತಿಗೆ ನಾಲ್ಕು ಏಟು. ಕೊನೆಗೆ ಗದ್ಗದ ದನಿಯಲ್ಲಿ ವಾಟ್ಸಾಪ್ ಕಥೆ: ಸಾಯೋ ಮುಂಚೆ ಅಮ್ಮ "ಈ ಆಶ್ರಮಕ್ಕೆ ಫ್ಯಾನ್ ಹಾಕಿಸು ಮಗನೇ, ನಾಳೆ ನಿನ್ನ ಮಕ್ಕಳು ನಿನ್ನ ಇಲ್ಲಿ ಬಿಟ್ಟಾಗ ನಿಂಗೆ ಸೆಖೆ ಆಗಬಾರದು" ಅಂತಾಳಲ್ಲ, ಅದೇ. ಚಪ್ಪಾಳೆಯೋ ಚಪ್ಪಾಳೆ. "ಬೇಕು" ಅಂತ ಮಾತಾಡಿದವರು ಪಾಪ, ಚೀಟಿ ಎತ್ತಿದಾಗ ಆ ಕಡೆ ಬಿದ್ದವರು. ಅವರ ಮುಖದಲ್ಲೇ ಕ್ಷಮೆ ಇತ್ತು.

ನನಗೊಂದು ತಕರಾರಿದೆ. ಶ್ರವಣಕುಮಾರ ಅಪ್ಪ ಅಮ್ಮನ್ನ ಹೊತ್ತಿದ್ದು ತನ್ನ ಹೆಗಲ ಮೇಲೆ. ನಮ್ಮೂರ ಶ್ರವಣಕುಮಾರರು ಕಾವಡಿಯನ್ನ ಹೆಂಡತಿ ಹೆಗಲಿಗೆ ಹಾಕಿ, ತಾವು ಮುಂದೆ ಮುಂದೆ ನಡೀತಾ "ನಾನು ನನ್ನ ತಾಯೀನ ಆಶ್ರಮಕ್ಕೆ ಕಳಿಸಲ್ಲ" ಅಂತಿದಾರೆ. ಈ ಸರಣಿ ಅದರ ಬಗ್ಗೆ.

2/9

ಮೊದಲು ಪದಗಳ ಗೊಂದಲ ಕಳ್ಕೊಳ್ಳೋಣ. ಇಂಗ್ಲಿಷ್ ಸಿನಿಮಾದಲ್ಲಿ ನರ್ಸಿಂಗ್ ಹೋಮ್ ಅಂದ್ರೆ ವಯಸ್ಸಾದವರನ್ನ ನೋಡ್ಕೊಳ್ಳೋ ಜಾಗ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆ ಆಸ್ಪತ್ರೆ. ನಾನು ಹುಟ್ಟಿದ್ದೇ ಅಂಥದ್ರಲ್ಲಿ. ಇನ್ನು "ವೃದ್ಧಾಶ್ರಮ" ಅನ್ನೋ ಒಂದೇ ಚೀಲಕ್ಕೆ ನಾವು ಸಂಬಂಧವೇ ಇಲ್ಲದ ನಾಲ್ಕು ಸಾಮಾನು ತುಂಬಿಬಿಟ್ಟಿದೀವಿ.

ಯಾರೂ ಇಲ್ಲದೆ, ಕೈಯಲ್ಲಿ ಕಾಸೂ ಇಲ್ಲದೆ ಬಸ್‌ಸ್ಟ್ಯಾಂಡಲ್ಲಿ ಮಲಗಿದ್ದವರನ್ನ ಕರ್ಕೊಂಡು ಬಂದು ಊಟ ಹಾಕೋ ಧರ್ಮದ ಮನೆ ಒಂದು. ತಿಂಗಳ ದುಡ್ಡು ಕಟ್ಟಿ ರೂಮು, ಊಟ ತಗೊಳ್ಳೋ ಜಾಗ ಇನ್ನೊಂದು. ಬೆಂಗಳೂರಿನ ಹೊರವಲಯದಲ್ಲಿ, ಕೊಯಮತ್ತೂರಿನ ಸುತ್ತಮುತ್ತ ಬಂದಿರೋ ರಿಟೈರ್‌ಮೆಂಟ್ ಕಮ್ಯುನಿಟಿಗಳು ಮೂರನೇ ಥರ. ಅಲ್ಲಿ ನೀವು ಮನೆ ಕೊಂಡ್ಕೊಳ್ತೀರಿ ಇಲ್ಲಾ ಡಿಪಾಸಿಟ್ ಇಡ್ತೀರಿ, ವಾಕಿಂಗ್ ಟ್ರ್ಯಾಕು, ಮೆಸ್ಸು, ರಾತ್ರಿ ಎದೆನೋವು ಬಂದ್ರೆ ಒತ್ತೋಕೆ ಒಂದು ಬಟನ್ನು ಎಲ್ಲ ಇರುತ್ತೆ. ನಾಲ್ಕನೆಯದು, ಹಾಸಿಗೆ ಹಿಡಿದವರಿಗೆ ಮತ್ತು ಮರೆವಿನ ಕಾಯಿಲೆ ಇರೋರಿಗೆ ತರಬೇತಿ ಆದ ನರ್ಸ್‌ಗಳಿರೋ ಜಾಗ.

"ಗೋಧಿ ಬಣ್ಣ ಸಾಧಾರಣ ಮೈಕಟ್ಟು" ನೋಡಿರ್ತೀರಲ್ಲ, 2016ರದ್ದು? ಅನಂತ್ ನಾಗ್ ಮಾಡಿರೋ ವೆಂಕೋಬ್ ರಾವ್ ಇದ್ದಿದ್ದು ಈ ನಾಲ್ಕನೇ ಥರದ ಜಾಗದಲ್ಲಿ. ಅಲ್ಝೈಮರ್ ಇರೋ ಆ ಮನುಷ್ಯ ಕಳೆದುಹೋಗೋದು ಮಗ ಹೊರಗೆ ಕರ್ಕೊಂಡು ಹೋದ ದಿನ. ನಾವೆಲ್ಲ ಅತ್ತು ಥಿಯೇಟರಿಂದ ಹೊರಗೆ ಬಂದ್ವಿ. ಆದ್ರೆ ಆ ಸಿನಿಮಾ ನೋಡಿದ ಯಾರೂ "ಅವರನ್ನ ಅಲ್ಲಿ ಯಾಕೆ ಬಿಟ್ಟಿದ್ರು, ಮನೇಲಿ ಇಟ್ಕೋಬೇಕಿತ್ತು" ಅಂದಿದ್ದು ನಾನು ಕೇಳಿಲ್ಲ. ಮಗ ಅಪ್ಪನ ಹತ್ರ ಕೂತು ಮಾತಾಡ್ಬೇಕಿತ್ತು ಅಂತಷ್ಟೇ ಎಲ್ರಿಗೂ ಅನ್ಸಿದ್ದು. ನಿಜವಾದ ವಿಷಯ ನಮ್ಗೆ ಗೊತ್ತು, ಸ್ಟೇಜ್ ಹತ್ತಿದ ತಕ್ಷಣ ಮರೀತೀವಿ ಅಷ್ಟೆ.

3/9

ಈ ಫೋಟೋದಲ್ಲಿರೋ ಕಿಟಕಿ ಪಕ್ಕದ ಮೇಜು ನಮ್ಮ ಮನೇದು. ಮಾತ್ರೆ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಪೌಡರು, ಡೈಪರ್ ಪ್ಯಾಕೆಟ್ಟು, ಒಂದು ಗಂಟೆ. ಹೌದು, ದೇವರ ಮನೆ ಗಂಟೇನೇ. ಅಜ್ಜಿ ರಾತ್ರಿ ಕರೆಯೋದಕ್ಕೆ.

ಅಜ್ಜಿ ಅಂದ್ರೆ ಅಪ್ಪನ ಅಮ್ಮ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಯ್ತು, ವಾಕರ್ ಬಂತು, ಆದ್ರೆ ಕಾಲು ಮೊದಲಿನ ಹಾಗೆ ಬರ್ಲಿಲ್ಲ. ಈಗ ಹೆಚ್ಚು ಹೊತ್ತು ಹಾಸಿಗೇಲೇ.

ಹಾಸಿಗೇಲಿ ಇರೋರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಬೇಕು. ಇಲ್ಲಾಂದ್ರೆ ಬೆನ್ನು, ಸೊಂಟ, ಹಿಮ್ಮಡಿ ಚರ್ಮ ಕೆಂಪಾಗಿ ಆಮೇಲೆ ಹುಣ್ಣಾಗುತ್ತೆ, ಬೆಡ್‌ಸೋರ್ ಅಂತಾರೆ. ಒಂದು ಸಲ ಬಂತು ಅಂದ್ರೆ ಒಣಗೋದು ತಿಂಗಳುಗಟ್ಟಲೆ. ಎರಡು ಗಂಟೆಗೊಮ್ಮೆ ಅಂತ ಓದೋಕೆ ಸುಲಭ. ಲೆಕ್ಕ ಹಾಕಿ: ದಿನಕ್ಕೆ ಹನ್ನೆರಡು ಸಲ, ಅದ್ರಲ್ಲಿ ನಾಲ್ಕು ಸಲ ರಾತ್ರಿ. ಎತ್ತೋ ರೀತೀಲಿ ಎತ್ತದಿದ್ರೆ ಎತ್ತೋರ ಸೊಂಟಾನೇ ಹೋಗುತ್ತೆ. ಉಣಿಸೋವಾಗ ತಲೆ ಎತ್ತರಕ್ಕಿರ್ಬೇಕು, ಇಲ್ಲಾಂದ್ರೆ ನೆತ್ತಿಗೆ ಹತ್ತುತ್ತೆ. ಇದರ ಜೊತೆ ಸ್ನಾನ, ಬಟ್ಟೆ, ಹಾಸಿಗೆ ಒಗೆಯೋದು, ಫಿಸಿಯೋಥೆರಪಿ, ಬಿಪಿ ಮಾತ್ರೆ, ಮಲಬದ್ಧತೆ. ಮಲ ಅನ್ನೋ ಪದ ಚರ್ಚಾಸ್ಪರ್ಧೇಲಿ ಯಾರೂ ಹೇಳಲ್ಲ ನೋಡಿ. ಅರ್ಧ ಕೆಲಸ ಅದೇ ಇರೋದು.

ಇದನ್ನೆಲ್ಲ ಮಾಡ್ತಿದ್ದಿದ್ದು ಅಮ್ಮ. ಒಬ್ಬಳೇ. ಅಮ್ಮನಿಗೆ 47 ವರ್ಷ, ಮಂಡಿನೋವು. ನಮ್ಮ ಮನೆಗೆ ಬಂದ ನೆಂಟರೆಲ್ಲ ಹಾಲ್‌ನಲ್ಲಿ ಕೂತು ಅಪ್ಪನಿಗೆ ಹೇಳೋರು: "ನಿನ್ನಂಥ ಮಗನ್ನ ಪಡಿಯೋಕೆ ಪುಣ್ಯ ಮಾಡಿರ್ಬೇಕು ಕಣಯ್ಯಾ, ಈ ಕಾಲದಲ್ಲಿ ಯಾರು ತಾಯೀನ ಹಿಂಗೆ ನೋಡ್ಕೊಳ್ತಾರೆ." ಅಪ್ಪ ಒಳ್ಳೇವ್ರೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಮಾತು ಬರೋವಾಗ ಅಮ್ಮ ಒಳಗೆ ಬೆಡ್‌ಪ್ಯಾನ್ ತೊಳೀತಿದ್ಲು. ಕಾಫೀನೂ ಅವಳೇ ತಂದ್ಕೊಡ್ಬೇಕು.

4/9

ನಮ್ಮನೆ ಒಂದೇ ಹಿಂಗಾ? ಕೇಂದ್ರ ಸರ್ಕಾರ ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡುತ್ತೆ. 2024ರದ್ದರಲ್ಲಿ, ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ರೆ ಗಂಡಸರು 88 ನಿಮಿಷ. ಅದೂ ಕೆಲಸ ಮಾಡೋ ಗಂಡಸರ ಲೆಕ್ಕ. ಮಾಡದೇ ಇರೋರು ಈ ಲೆಕ್ಕಕ್ಕೇ ಬರಲ್ಲ. ಮನೆಯವರ ಆರೈಕೆ ಅಂತ ಪ್ರತ್ಯೇಕವಾಗಿ ನೋಡಿದ್ರೂ (ಮಕ್ಕಳು, ಹಿರಿಯರು ಎಲ್ಲ ಸೇರಿ) 15ರಿಂದ 59 ವರ್ಷದ ಹೆಂಗಸರಲ್ಲಿ ನೂರಕ್ಕೆ 41 ಜನ ಅದನ್ನ ಮಾಡ್ತಾರೆ, ಗಂಡಸರಲ್ಲಿ 21.

ಈಗ ಕಾನೂನು ನೋಡಿ, ಇಲ್ಲಿದೆ ತಮಾಷೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ ಅಂತ 2007ರಲ್ಲಿ ಬಂತು. ತಂದೆ ತಾಯೀನ ನೋಡ್ಕೊಳ್ಳೋ ಜವಾಬ್ದಾರಿ ಯಾರದು ಅಂತ ಅದ್ರಲ್ಲಿ ಬರ್ದಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಹದಿನೆಂಟು ತುಂಬಿರ್ಬೇಕು ಅಷ್ಟೆ. ಅಂದ್ರೆ ಈ ಪೋಸ್ಟ್ ಓದ್ತಿರೋ ನೀವು, ನಾನು, ನಮ್ಮ ಕ್ಲಾಸಿನ ಲಾಸ್ಟ್ ಬೆಂಚು ಎಲ್ಲ ಪಟ್ಟೀಲಿದೀವಿ. ಆ ಪಟ್ಟೀಲಿ ಯಾರಿಲ್ಲ ಹೇಳಿ? ಸೊಸೆ.

ಕಾನೂನಿನ ಪ್ರಕಾರ ಸೊಸೆಗೆ ಜವಾಬ್ದಾರಿ ಇಲ್ಲ. ಮನೇಲಿ ಅವಳಿಗೆ ಮಾತ್ರ ಇದೆ. ಫ್ಯಾನ್ ಕಥೆ ಥರದ ಎಲ್ಲ ಫಾರ್ವರ್ಡುಗಳಲ್ಲೂ ವಿಲನ್ ಯಾರು, ನೆನಪು ಮಾಡ್ಕೊಳ್ಳಿ. ಮಗ ಯಾವಾಗ್ಲೂ ಹೆಂಡತಿ ಮಾತು ಕೇಳಿ ಕೆಟ್ಟವನು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ" ಅಂತ ಗಾದೆ ಇದೆಯಲ್ಲ, ಅದ್ರಲ್ಲೂ ಗಂಡಸು ಎಲ್ಲೂ ಇಲ್ಲ. ಆ ಕಾಲಗಳಲ್ಲಿ ಅವನು ಎಲ್ಲಿದ್ದ?

ಇನ್ನೊಂದು ಲೆಕ್ಕ. ನಮ್ಮಜ್ಜಿಗೆ ಐದು ಮಕ್ಕಳು. ಅಮ್ಮನಿಗೆ ಇಬ್ಬರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಬ್ಬಳೇ ಮಗಳು ಇರೋ ಮನೆ ನಮ್ಮ ಕ್ಲಾಸಲ್ಲೇ ಎಷ್ಟಿದೆ? "ಮಗಳ ಮನೆ ಅನ್ನ ತಿನ್ನಬಾರದು" ಅನ್ನೋ ಮಾತನ್ನ ಆ ಅಪ್ಪ ಅಮ್ಮ ಇನ್ನೂ ನಂಬ್ಕೊಂಡು ಕೂತಿದ್ರೆ ಅವರ ಗತಿ ಏನು? ಮಕ್ಕಳೇ ಇಲ್ಲದೋರು, ಮದುವೇನೇ ಆಗದೋರು? "ಮಕ್ಕಳು ನೋಡ್ಕೋಬೇಕು, ಆಶ್ರಮ ಬೇಡ" ಅನ್ನೋ ವಾಕ್ಯದಲ್ಲಿ ಇವರಿಗೆಲ್ಲ ಜಾಗಾನೇ ಇಲ್ಲ.

5/9

ನಿನ್ನೆಯ ಪೋಸ್ಟಿಗೆ ಒಬ್ಬ ಗೆಳೆಯ ಡಿಎಂ ಮಾಡಿದ್ದ: "ಹಂಗಾದ್ರೆ ಎಲ್ರನ್ನೂ ತಗೊಂಡೋಗಿ ಆಶ್ರಮಕ್ಕೆ ಹಾಕ್ಬೇಕು ಅಂತೀಯಾ?"

ಇಲ್ಲ ಮಾರಾಯ. "ಹಾಕೋದು" ಅನ್ನೋ ಪದಾನೇ ನನಗಾಗಲ್ಲ. ಮನುಷ್ಯರನ್ನ ಹಾಕಲ್ಲ, ಅವರು ಹೋಗ್ತಾರೆ ಇಲ್ಲಾ ಇರ್ತಾರೆ.

ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರಿದ್ರು, ಹೈಸ್ಕೂಲಲ್ಲಿ ಗಣಿತ ಹೇಳ್ತಿದ್ದೋರು. ಹೆಂಡತಿ ತೀರ್ಕೊಂಡ ಮೇಲೆ ಮಗ ಪುಣೆಗೆ ಕರ್ಕೊಂಡು ಹೋದ. ಎಂಟನೇ ಮಹಡಿ ಫ್ಲಾಟು. ಮಗ ಸೊಸೆ ಇಬ್ರೂ ಬೆಳಿಗ್ಗೆ ಎಂಟಕ್ಕೆ ಹೋದ್ರೆ ರಾತ್ರಿ ಎಂಟಕ್ಕೆ ಬರೋದು. ಯಾರೂ ಕೆಟ್ಟವರಲ್ಲ. ಮೇಷ್ಟ್ರಿಗೆ ಮರಾಠಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೆ, ಲಿಫ್ಟಲ್ಲಿ ಸಿಕ್ಕೋರ ಜೊತೆ ನಗೋದೊಂದೇ ಮಾತು. ಒಂದೂವರೆ ವರ್ಷ ತಡ್ಕೊಂಡ್ರು. ಆಮೇಲೆ ತಾವೇ ವಿಚಾರಿಸಿ, ತಮ್ಮ ಪೆನ್ಷನ್ ದುಡ್ಡಲ್ಲಿ ಮೈಸೂರಲ್ಲೇ ಒಂದು ಕಡೆ ಸೇರ್ಕೊಂಡ್ರು. ನಾನು ಹಾಸ್ಟೆಲ್ಲಲ್ಲಿ ಇರೋದ್ರಿಂದ ಆಗಾಗ ನೋಡೋಕೆ ಹೋಗ್ತೀನಿ. ಬೆಳಿಗ್ಗೆ ಪೇಪರಿಗೆ ಜಗಳ, ಮಧ್ಯಾಹ್ನ ಚೆಸ್ಸು, ಸಂಜೆ ಅಡುಗೆಯವರ ಮಗನಿಗೆ ಪಾಠ. "ಮಗನ ಮನೇಲಿ ನಾನು ಅತಿಥಿ. ಇಲ್ಲಿ ನಾನು ಬಾಡಿಗೆದಾರ. ಬಾಡಿಗೆದಾರನಿಗೆ ಹಕ್ಕಿರುತ್ತೆ" ಅಂದ್ರು ಒಂದ್ಸಲ. ಊರಲ್ಲಿ ಮಾತ್ರ ಆ ಮಗನ ಬಗ್ಗೆ ಮಾತಾಡೋ ರೀತಿ ಕೇಳ್ಬೇಕು. ತಂದೆ ಸತ್ತಿದ್ರೂ ಅಷ್ಟು ಮಾತಾಡ್ತಿರ್ಲಿಲ್ಲವೇನೋ.

ಮೇಷ್ಟ್ರ ಹತ್ರ ಪೆನ್ಷನ್ ಇದೆ, ಕಾಲು ಗಟ್ಟಿ ಇದೆ, ತಲೆ ಚುರುಕಿದೆ. ಇದು ಎಲ್ಲರ ಕಥೆ ಅಲ್ಲ ಅಂತ ನನಗೂ ಗೊತ್ತು. ಆದ್ರೆ "ಮನೆ ಅಂದ್ರೆ ಪ್ರೀತಿ, ಆಶ್ರಮ ಅಂದ್ರೆ ಅನಾಥ" ಅನ್ನೋ ಸಮೀಕರಣ ಅವರೆದುರು ಹೇಳಿದ್ರೆ ಅದನ್ನ ಬೋರ್ಡ್ ಮೇಲೆ ಬಿಡಿಸಿ ತಪ್ಪು ತೋರಿಸ್ತಾರೆ.

6/9

ಇನ್ನೊಂದು ಮುಖಾನೂ ಹೇಳ್ಬೇಕು, ಇಲ್ಲಾಂದ್ರೆ ನಾನೂ ಚೀಟಿ ಎತ್ತಿ ಮಾತಾಡ್ದಂಗಾಗುತ್ತೆ.

ಬಿಟ್ಟುಹೋಗೋರು ಇದ್ದಾರೆ. 2025ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ್ ಇದರ ಬಗ್ಗೆ ಮಾತಾಡಿದ್ರು. ಬೆಳಗಾವಿಯ ಬಿಮ್ಸ್ ಸೇರಿದಂತೆ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲಿ ಮಕ್ಕಳು ಅಪ್ಪ ಅಮ್ಮನ್ನ ಅಡ್ಮಿಟ್ ಮಾಡಿ ವಾಪಸ್ ಬರೋದೇ ಇಲ್ಲ, ಅಂಥವರ ಹೆಸರಿಗೆ ಮಾಡಿದ ವಿಲ್, ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಅಂತ. 2007ರ ಕಾಯ್ದೆಯಲ್ಲೇ ಅದಕ್ಕೆ ದಾರಿ ಇದೆ. ನೋಡ್ಕೊಳ್ತೀನಿ ಅನ್ನೋ ಷರತ್ತಿನ ಮೇಲೆ ಆಸ್ತಿ ಬರೆಸ್ಕೊಂಡು ಆಮೇಲೆ ಕೈಬಿಟ್ರೆ ಆ ದಾನಪತ್ರ ರದ್ದಾಗ್ಬಹುದು (ಷರತ್ತನ್ನ ಪತ್ರದಲ್ಲೇ ಬರೆಸಿ, ಆಮೇಲೆ ವಾದ ಬೇಡ). ಹಿರಿಯರನ್ನ ಎಲ್ಲೋ ಬಿಟ್ಟು ಓಡಿಹೋದ್ರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಜೀವನಾಂಶ ಬೇಕು ಅಂದ್ರೆ ಉಪವಿಭಾಗಾಧಿಕಾರಿ ಅಂದ್ರೆ ಎಸಿ ಆಫೀಸಿಗೆ ಅರ್ಜಿ ಕೊಡ್ಬಹುದು. ಊರಲ್ಲಿ ಯಾರಿಗಾದ್ರೂ ತೊಂದ್ರೆ ಇದ್ರೆ ಹಿರಿಯರ ಸಹಾಯವಾಣಿ 14567 ನೆನಪಿಟ್ಕೊಳ್ಳಿ.

ಇದು ಕಣ್ಣಿಗೆ ಕಾಣೋ ಅನ್ಯಾಯ. ನನಗೆ ಹೆಚ್ಚು ಭಯ ಹುಟ್ಸೋದು ಕಾಣದೇ ಇರೋದು. ಅದು "ನಿಮ್ಮಿಷ್ಟ" ಅನ್ನೋ ಪದದಲ್ಲಿದೆ.

"ಅಮ್ಮಾ, ಅಲ್ಲಿ ಚೆನ್ನಾಗಿದೆ, ಡಾಕ್ಟ್ರು ಬರ್ತಾರೆ, ನಿನ್ನ ವಯಸ್ಸಿನವರು ತುಂಬಾ ಜನ ಇದಾರೆ. ಏನಂತೀಯಾ?" "ನಿಮ್ಮಿಷ್ಟ ಕಣಪ್ಪಾ. ನಿಮ್ಗೆ ಹೆಂಗನುಕೂಲಾನೋ ಹಂಗೆ ಮಾಡಿ." ಮುಗೀತು, ಒಪ್ಪಿಗೆ ಸಿಕ್ತು ಅಂತ ಫಾರ್ಮ್ ತುಂಬ್ತಾರೆ. ನಮ್ಮ ಅಜ್ಜಿಯರ ಕನ್ನಡದಲ್ಲಿ "ನಿಮ್ಮಿಷ್ಟ" ಅಂದ್ರೆ ಒಪ್ಪಿಗೆ ಅಲ್ಲ. ಅದು ಸೋಲು. ಜೀವನ ಪೂರ್ತಿ ಯಾರೂ ಇಷ್ಟ ಏನು ಅಂತ ಕೇಳದೇ ಇದ್ದವರು, ಎಂಬತ್ತನೇ ವಯಸ್ಸಲ್ಲಿ ಮೊದಲ ಸಲ ಕೇಳಿದ್ರೆ ಇನ್ನೇನು ಹೇಳ್ತಾರೆ?

"ಇಲ್ಲೇ ಇರಮ್ಮಾ" ಅಂದ್ರೂ ಅದೇ "ನಿಮ್ಮಿಷ್ಟ" ಬರುತ್ತೆ. ಹಂಗಾಗಿ ಮನೇಲಿ ಇಟ್ಕೊಂಡವರು ಕೇಳಿದ್ರು, ಆಶ್ರಮಕ್ಕೆ ಕಳಿಸಿದವರು ಕೇಳ್ಲಿಲ್ಲ ಅಂತೇನಿಲ್ಲ. ಎರಡೂ ಕಡೆ ಕೇಳಿರಲ್ಲ.

ಇದಕ್ಕಿಂತ ಕೆಟ್ಟದ್ದು ಪಾಳಿ. ನಾಲ್ಕು ಗಂಡುಮಕ್ಕಳಿದ್ರೆ ಮೂರ್ಮೂರು ತಿಂಗಳು ಒಬ್ಬೊಬ್ಬರ ಮನೆ. ಒಂದು ಬ್ಯಾಗು, ಎರಡು ಸೀರೆ, ಮಾತ್ರೆ ಚೀಲ. ತಿಂಗಳ ಕೊನೇ ದಿನ ಬಂದು ಕರ್ಕೊಂಡು ಹೋಗ್ದೇ ಇದ್ರೆ ಅಣ್ಣತಮ್ಮಂದಿರ ಮಧ್ಯೆ ಫೋನಲ್ಲಿ ಜಗಳ, ಅದೂ ಆ ತಾಯಿಗೆ ಕೇಳೋ ಹಾಗೆ. ಇದನ್ನ ಮಾತ್ರ ನಮ್ಮಲ್ಲಿ ಯಾರೂ ಆಶ್ರಮ ಅನ್ನಲ್ಲ, ಮರ್ಯಾದಸ್ಥರ ಮನೆ ಅಂತಾರೆ.

7/9

ಇದು ಚಿಕ್ಕ ಪೋಸ್ಟು. ದುಡ್ಡಿನದು.

ದೊಡ್ಡವರ ಡೈಪರ್ ಒಂದಕ್ಕೆ ಸುಮಾರು 40 ರೂಪಾಯಿ. ದಿನಕ್ಕೆ ಮೂರು. ತಿಂಗಳಿಗೆ 3,600. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200. ಬಡವರಿಗೆ ಕೊಡೋ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು 200, ನಾವು ಕೆಜಿ ತರಗತೀಲಿ ಇದ್ದಾಗಿಂದ ಅಷ್ಟೇ.

ಬೇಡ ಅಂತ ಭಾಷಣ ಮಾಡೋಕೆ ಮುಂಚೆ ಈ ಮೂರು ಸಂಖ್ಯೆ ಜೋರಾಗಿ ಓದಿ. ಕಾಯ್ದೆಯ 19ನೇ ಸೆಕ್ಷನ್ನಲ್ಲಿ ರಾಜ್ಯ ಸರ್ಕಾರಗಳು ಜಿಲ್ಲೆಗೆ ಒಂದರಂತಾದ್ರೂ, ಕನಿಷ್ಠ 150 ಬಡ ಹಿರಿಯರು ಇರಬಹುದಾದ ಮನೆ ತೆರೀಬಹುದು ಅಂತಿದೆ. "ತೆರೀಬಹುದು" ಅಂತ. "ತೆರೀಲೇಬೇಕು" ಅಂತಿದ್ದಿದ್ರೆ ಕಥೆ ಬೇರೆ ಇರ್ತಿತ್ತು. ನಮ್ಮ ಚರ್ಚೆಯೆಲ್ಲ ಫ್ಲಾಟ್ ಇರೋರ ಅಪ್ಪ ಅಮ್ಮನ ಬಗ್ಗೆ. ಕೂಲಿಗೆ ಹೋಗೋ ಸೊಸೆ, ಕೂಲಿಗೆ ಹೋಗೋ ಮಗ, ಹಾಸಿಗೆ ಹಿಡಿದ ಅತ್ತೆ ಇರೋ ಮನೇಲಿ ಒಬ್ಬರು ಕೆಲಸ ಬಿಟ್ರೆ ಸಾರಿಗೆ ಉಪ್ಪು ಇರಲ್ಲ, ಬಿಡದಿದ್ರೆ ಅಜ್ಜಿ ಬಾಗಿಲು ಹಾಕ್ಕೊಂಡು ಒಬ್ಬರೇ. ಅವರಿಗೆ ಆಶ್ರಮ ಬೇಕೋ ಬೇಡ್ವೋ ಅನ್ನೋ ಪ್ರಶ್ನೇನೇ ಬರಲ್ಲ. ಅವರಿಗೆ ಬೇಕಿರೋದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಒಬ್ಬ ಮನುಷ್ಯ.

8/9

ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ, ಮನೆ ಮತ್ತು ಆಶ್ರಮದ ಮಧ್ಯೆ ಇರೋ ಜಾಗ ನಮ್ಮಲ್ಲಿ ಖಾಲಿ ಬಿದ್ದಿದೆ. ಅಂಗನವಾಡಿ ಥರ ಹಗಲು ಹೊತ್ತು ಹಿರಿಯರು ಇರೋ ಜಾಗ ಊರೂರಿಗೆ ಯಾಕಿಲ್ಲ? ಪಕ್ಕದ ಕೇರಳದಲ್ಲಿ ಇದಕ್ಕೆ "ಪಗಲ್ ವೀಡು" ಅಂತಾರೆ, ಹಗಲುಮನೆ ಅಂತ ಅರ್ಥ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗೋದು. ಹಾಸಿಗೆ ಹಿಡಿದವರ ಮನೆಗೇ ಬರೋ ನರ್ಸುಗಳ ವ್ಯವಸ್ಥೇನೂ ಅಲ್ಲಿ ಪಂಚಾಯ್ತಿ ಮಟ್ಟದಲ್ಲಿದೆ. 2008ರಲ್ಲೇ ಅದಕ್ಕೊಂದು ನೀತಿ ಮಾಡಿದ್ರು, ಊರಿನ ಸ್ವಯಂಸೇವಕರು ಜೊತೆ ಹೋಗ್ತಾರೆ. 2011ರ ಜನಗಣತಿಯಲ್ಲಿ ಕೇರಳದಲ್ಲಿ ಅರವತ್ತು ದಾಟಿದವರು ನೂರಕ್ಕೆ 12.6, ನಮ್ಮಲ್ಲಿ 9.5. ಅವರು ನಮಗಿಂತ ಸ್ವಲ್ಪ ಮುಂಚೆ ವಯಸ್ಸಾದ್ರು, ಮುಂಚೆ ಯೋಚನೆ ಮಾಡಿದ್ರು. ನಮಗೆ ಇನ್ನೂ ಟೈಮಿದೆ ಅನ್ಕೊಂಡು ಕೂತ್ರೆ ಆಗಲ್ಲ.

ಜಪಾನ್‌ನಲ್ಲಿ ನಲವತ್ತು ವರ್ಷ ತುಂಬಿದ ಎಲ್ಲರೂ ಆರೈಕೆ ವಿಮೆಗೆ ದುಡ್ಡು ಕಟ್ತಾರೆ, 2000ದಿಂದ. ಶ್ರೀಮಂತ ದೇಶ ಬಿಡಿ ಅಂತೀರಾ? ಸರಿ, ದುಡ್ಡಿಲ್ಲದೆ ಆಗೋದು ಹೇಳ್ತೀನಿ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಅನ್ನೋ ಊರಲ್ಲಿ ಹ್ಯುಮಾನಿಟಾಸ್ ಅಂತ ಹಿರಿಯರ ಮನೆ ಇದೆ. ಅಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ರೂಮು ಕೊಟ್ರು. ಬದಲಿಗೆ ತಿಂಗಳಿಗೆ 30 ಗಂಟೆ ಅಲ್ಲಿನ ಹಿರಿಯರಿಗೆ ಒಳ್ಳೇ ನೆರೆಯವರಾಗಿರ್ಬೇಕು, ಅಷ್ಟೇ. ಕೂತು ಊಟ ಮಾಡೋದು, ಕಂಪ್ಯೂಟರ್ ಹೇಳ್ಕೊಡೋದು, ಹರಟೋದು. ನಾನು ಹಾಸ್ಟೆಲ್ ಸೀಟಿಗೆ ಎರಡು ತಿಂಗಳು ಅಲೆದವಳು. ಮೈಸೂರಲ್ಲಿ ಇಂಥದ್ದೊಂದಿದ್ರೆ ಮೊದಲ ಅರ್ಜಿ ನಂದೇ.

ನಮ್ಮನೇಲಿ ಏನಾಯ್ತು ಅಂತ ಕೇಳಿದೀರಿ ತುಂಬಾ ಜನ. ಯುಗಾದಿಗೆ ಎಲ್ರೂ ಸೇರಿದಾಗ ನಾನು ಮತ್ತು ಅತ್ತೆ (ಅಪ್ಪನ ತಂಗಿ) ಮಾತು ಎತ್ತಿದ್ವಿ. ಪಾಳಿ ಇರ್ಲಿ, ಆದ್ರೆ ಅಜ್ಜಿಗಲ್ಲ, ನೋಡ್ಕೊಳ್ಳೋರಿಗೆ. ಅಜ್ಜಿ ಹಾಸಿಗೆ ಅಲ್ಲಾಡಲ್ಲ, ಬೇರೆಯವರು ಬರ್ಬೇಕು. ಶನಿವಾರ ರಾತ್ರಿ ಚಿಕ್ಕಪ್ಪ. ಬುಧವಾರ ಅತ್ತೆ. ದಿನಾ ರಾತ್ರಿ ಎರಡು ಸಲ ಮಗ್ಗುಲು ಬದಲಾಯಿಸೋದು ಅಪ್ಪ, ಅಲಾರಂ ಇಟ್ಕೊಂಡು. ಬೆಂಗಳೂರಿನ ದೊಡ್ಡಪ್ಪ ಬರೋಕಾಗಲ್ಲ ಅಂದ್ರು, ಬೆಳಗಿನ ಹೊತ್ತು ಬರೋ ಆಯಾ ಸಂಬಳ ಅವರ ತಲೆ ಮೇಲೆ. ಒಂದು ಗಂಟೆ ಗಲಾಟೆ ಆಯ್ತು. ಚಿಕ್ಕಪ್ಪ "ಗಂಡಸರಿಗೆ ಇದೆಲ್ಲ ಬರುತ್ತಾ" ಅಂದ್ರು. ಅವರು ದಿನಾ ನಾಲ್ಕು ಹಸುಗಳ ಮೈ ತೊಳೀತಾರೆ.

ಗಲಾಟೆ ಎಲ್ಲ ಮುಗಿದ ಮೇಲೆ ಅಜ್ಜಿ ಹತ್ರ ಹೋಗಿ ಕೇಳಿದೆ, ಒಬ್ಬಳೇ, ಬಾಗಿಲು ಮುಂದೆ ಮಾಡ್ಕೊಂಡು. "ಅಜ್ಜಿ, ನಿಂಗೆ ಎಲ್ಲಿರೋಕೆ ಇಷ್ಟ? ನಿಮ್ಮಿಷ್ಟ ಅನ್ಬೇಡ." ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ: "ನಿಮ್ಮಮ್ಮ ರಾತ್ರಿ ನಿದ್ದೆ ಮಾಡೋ ಹಂಗಿದ್ರೆ ಇಲ್ಲೇ ಪುಟ್ಟಿ. ಅವಳಿಗೆ ಆಗ್ಲಿಲ್ಲ ಅಂದ್ರೆ ಎಲ್ಲಾದ್ರೂ ಸರಿ. ಮುದ್ದೆ ಸಿಗ್ಬೇಕು, ಆ ಚಪಾತಿ ನನ್ನ ಕೈಲಾಗಲ್ಲ."

ಎಂಬತ್ತಮೂರು ವರ್ಷದ ನಮ್ಮಜ್ಜಿ ಆ ಚರ್ಚಾಸ್ಪರ್ಧೆಯ ಎಲ್ರಿಗಿಂತ ಚೆನ್ನಾಗಿ ವಿಷಯ ಹಿಡಿದ್ರು ಅನ್ಸುತ್ತೆ ನನಗೆ.

9/9

ಕೊನೇ ಪೋಸ್ಟು, ಸ್ವಲ್ಪ ಕಹಿ.

ಹುಟ್ಟುಹಬ್ಬಕ್ಕೆ ವೃದ್ಧಾಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ ರೀಲ್ ಮಾಡೋದು ಈಗ ನಮ್ಮ ಬ್ಯಾಚಲ್ಲಿ ಟ್ರೆಂಡು. ಹಿಂದೆ ಪಿಟೀಲು ಮ್ಯೂಸಿಕ್ಕು, ಮುಂದೆ ನಡುಗೋ ಕೈಗೆ ಬಾಳೆಹಣ್ಣು ಕೊಡೋ ಸ್ಲೋ ಮೋಷನ್ನು. ಹೋಗೋದು ತಪ್ಪಲ್ಲ, ಹೋಗಿ. ಕೇಕಿಗೆ ಮುಂಚೆ ಅಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಕೇಳಿ. ಡೈಪರು, ಬೆಡ್‌ಶೀಟು, ಸೋಪು ಬೇಕಾ ಅಂತ ಕೇಳಿ, ಸಾಮಾನ್ಯವಾಗಿ ಹೌದು ಅಂತಾರೆ. ಮುಖ ಶೂಟ್ ಮಾಡ್ಬೇಡಿ. ಆ ಅಜ್ಜ ಅಲ್ಲಿದ್ದಾರೆ ಅಂತ ಅವರ ಊರಿನವರಿಗೆ ಗೊತ್ತಿಲ್ದೇ ಇರ್ಬಹುದು, ಗೊತ್ತಾಗೋದು ಅವರಿಗೆ ಬೇಡದೇ ಇರ್ಬಹುದು. ನಿಮ್ಮ ರೀಲಿಗೆ ನಾಲ್ಕು ಸಾವಿರ ಲೈಕು, ಅವರಿಗೆ ಊರ ತುಂಬಾ ಮಾತು. ಒಂದೇ ದಿನ ಮೂವತ್ತು ಜನ ಹೋಗೋ ಬದಲು ಒಬ್ಬೊಬ್ಬರು ಒಂದೊಂದು ಭಾನುವಾರ ಹಂಚ್ಕೊಂಡ್ರೆ ಇನ್ನೂ ಒಳ್ಳೇದು.

ನಿಮ್ಮ ಮನೆಯವರೇ ಯಾರಾದ್ರೂ ಸೇರೋ ಯೋಚನೇಲಿದ್ರೆ, ಜಾಗ ನೋಡೋಕೆ ನೀವೂ ಹೋಗಿ, ದೊಡ್ಡವರಿಗೆ ಬಿಡ್ಬೇಡಿ. ಫೋನ್ ಮಾಡಿ ಹೇಳ್ದೆ ಹೋಗಿ. ಸಂಜೆ ಹೊತ್ತು ಒಳ್ಳೇದು, ಆಗ ಕೆಲಸದವರು ಕಡಿಮೆ ಇರ್ತಾರೆ, ನಿಜ ಕಾಣುತ್ತೆ. ಬಾಗಿಲಲ್ಲಿ ಫಿನಾಯಿಲ್ ವಾಸನೆ ಬಂದ್ರೆ ಮೋಸ ಹೋಗ್ಬೇಡಿ, ಒಳಗಿನ ಹಾಸಿಗೆ ವಾಸನೆ ನೋಡಿ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆಯಾ, ನೆಲ ಜಾರುತ್ತಾ. ರಾತ್ರಿ ಎಷ್ಟು ಜನ ಎದ್ದಿರ್ತಾರೆ, ಎದೆನೋವು ಬಂದ್ರೆ ಯಾವ ಆಸ್ಪತ್ರೆ, ಯಾವ ಗಾಡಿ. ಫೋನು ಅವರ ಕೈಯಲ್ಲೇ ಇರುತ್ತಾ ಇಲ್ಲಾ ಆಫೀಸಲ್ಲಿ ಬೀಗ ಹಾಕಿಡ್ತಾರಾ. ಡಿಪಾಸಿಟ್ ವಾಪಸ್ ಯಾವಾಗ ಅಂತ ಬರವಣಿಗೇಲಿ ಇದೆಯಾ. ಮುಖ್ಯವಾಗಿ, ಅಲ್ಲಿರೋರ ಜೊತೆ ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ ಮಾತಾಡಿ. ಇಷ್ಟಕ್ಕೂ ಮುಂಚೆ ಒಂದು ತಿಂಗಳು ಇದ್ದು ನೋಡೋಕೆ ಬಿಡ್ತಾರಾ ಕೇಳಿ. ಬಿಡಲ್ಲ ಅಂದ್ರೆ ನಾನಾದ್ರೆ ಎದ್ದು ಬರ್ತೀನಿ. ಆ ಒಂದು ತಿಂಗಳಾದ್ಮೇಲೆ ಅವರು ಬೇಡ ಅಂದ್ರೆ ರೂಮು ಹಾಗೇ ಇರ್ಬೇಕು ಮನೇಲಿ, ಅಷ್ಟರಲ್ಲಿ ಅದನ್ನ ಸ್ಟೋರ್‌ರೂಮ್ ಮಾಡಿರಬಾರ್ದು.

ಹಾಂ, ಊಟದ ಮೆನು ಕೇಳೋದು ಮರೀಬೇಡಿ. ವಾರಕ್ಕೆಷ್ಟು ದಿನ ಮುದ್ದೆ ಅಂತ. ನಿಮ್ಮ ಕಡೆ ರೊಟ್ಟಿನೋ ಕುಚ್ಚಲಕ್ಕಿ ಗಂಜಿನೋ, ಅದು.

#ವೃದ್ಧಾಶ್ರಮ #ಅಜ್ಜಿ #ಆರೈಕೆ #ಕನ್ನಡಕ್ಯಾಪ್ಷನ್